ವಾಗಣಗೇರಾ: ಆಲಮಗೀರನ ಕೊನೆಯ ಮುತ್ತಿಗೆಯ ನೆಲ



ಸಗರನಾಡು ತಮಗೆ ಅಪರಿಚಿತವಾದ ನಾಡಲ್ಲ. ಶಹಾಪುರದ ಬೆಟ್ಟದ ಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುವುದನ್ನು ತಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ದೇವರ ದಾಸಿಮಯ್ಯನವರ ಮುದನೂರು, ಶರಣ ಭೋಗಣ್ಣನವರ ಕೆಂಭಾವಿ, ಬಸವಣ್ಣನ ಹೆಸರನ್ನೇ ಹೊತ್ತ ಸಂತನಿಂದ ಪ್ರಸಿದ್ಧವಾದ ಕೊಡೇಕಲ್ಲು, ಇವೆಲ್ಲವೂ ಈ ಸೀಮೆಯ ಊರುಗಳೇ. ಜಾತ್ರೆಗೆ, ಪುರಾಣ ಪ್ರವಚನಗಳಿಗೆ ಹೋಗಿಬರುವ ಭಕ್ತರಿಗೆ ಇಲ್ಲಿಯ ಹಾದಿಗಳ ಪರಿಚಯ ಚೆನ್ನಾಗಿಯೇ ಉಂಟು. ಆದರೆ ಆ ಹಾದಿಗಳಿಗೆ ಸಮೀಪದಲ್ಲೇ, ಸುರಪುರ ತಾಲ್ಲೂಕಿನ ವಾಗಣಗೇರಾ ಎಂಬ ಹಳ್ಳಿಯ ಗುಡ್ಡದ ಸುತ್ತ, 1705ನೆಯ ಇಸವಿಯ ಬೇಸಗೆಯಲ್ಲಿ ದಿಲ್ಲಿಯ ಬಾದಶಹನು ಖುದ್ದಾಗಿ ಬಂದು ಡೇರೆ ಹೂಡಿ ಎರಡೂವರೆ ತಿಂಗಳ ಕಾಲ ಕಾದಾಡಿದನೆಂಬ ಸಂಗತಿಯನ್ನು ಬಲ್ಲವರು ವಿರಳ. ಔರಂಗಜೇಬ ಆಲಮಗೀರನು ತನ್ನ ದೀರ್ಘಾಯುಷ್ಯದಲ್ಲಿ ಸ್ವತಃ ಮುಂದೆ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಇದೇ ಆಗಿದೆ. ಆಗ ಅವನ ವಯಸ್ಸು 86.

ಕೃಷ್ಣಾ ತೀರದ ಯುದ್ಧಗಳೆಂದರೆ ನಮ್ಮ ಶಾಲಾಪುಸ್ತಕಗಳಿಗೆ 1520ರ ರಾಯಚೂರು ಮತ್ತು 1565ರ ರಕ್ಕಸಗಿ-ತಂಗಡಗಿ, ಈ ಎರಡೇ. ಸುರಪುರದ ಮಾತು ಬಂದರೆ 1858ರಲ್ಲಿ ಆಂಗ್ಲರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನ ಪ್ರಸಂಗವನ್ನು ಹೇಳಿ ಮುಗಿಸುತ್ತೇವೆ. ಅದು ಹೇಳತಕ್ಕದ್ದೇ, ಸಂದೇಹವಿಲ್ಲ. ಆದರೆ ಅವನ ಹಿರಿಯರು ಅದಕ್ಕೆ ಒಂದೂವರೆ ಶತಮಾನದ ಮುಂಚೆ ಇನ್ನೂ ದೊಡ್ಡದೊಂದು ಸಾಮ್ರಾಜ್ಯದ ಎದುರು ನಿಂತ ಕಥೆ ಪಂಡಿತರ ಗ್ರಂಥಗಳಲ್ಲಿ ಅಡಗಿ ಕುಳಿತಿದೆ.

ಮತ್ತೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಇದೇ ಸೀಮೆಯ ನೆಲವನ್ನು ಪುರಾತತ್ತ್ವಜ್ಞರು ಶೋಧಿಸಿದಷ್ಟು ಶ್ರದ್ಧೆಯಿಂದ ಕರ್ನಾಟಕದಲ್ಲಿ ಬೇರೆ ಕೆಲವೇ ಸ್ಥಳಗಳನ್ನು ಶೋಧಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನು ರಾಜನಕೋಳೂರಿನ ಶಿಲಾಸಮಾಧಿಗಳನ್ನೂ ಶಹಾಪುರದ ಸಮೀಪ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಕಲ್ಲುಗಳನ್ನೂ ವಿದ್ವತ್ಸಭೆಗಳ ಗಮನಕ್ಕೆ ತಂದನು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ದುಡಿದು, ಇಸಾಮಪುರದಲ್ಲಿ ಆದಿಮಾನವನು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣವನ್ನೇ ಬೆಳಕಿಗೆ ತಂದರು. ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ಎಣಿಸಲಾಗಿದೆ. ಹನ್ನೆರಡು ಲಕ್ಷ ವರ್ಷಗಳ ಹಿಂದಿನವನು ಎಲ್ಲಿ ಕುಳಿತು ಕಲ್ಲು ಒಡೆದನೆಂಬುದನ್ನು ಬೆರಳಿಟ್ಟು ತೋರಿಸಬಲ್ಲೆವು. ಮುನ್ನೂರು ವರ್ಷಗಳ ಹಿಂದೆ ಜುಲ್ಫಿಕರ್ ಖಾನನ ತೋಪು ಎಲ್ಲಿ ನಿಂತಿತ್ತೆಂದು ಕೇಳಿದರೆ ತಡವರಿಸುತ್ತೇವೆ.

ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಮುತ್ತಿಗೆಯ ಕಥೆಯಷ್ಟನ್ನೇ ಹೇಳುವುದು ನನ್ನ ಉದ್ದೇಶವಲ್ಲ. ಪಾರಸಿ ಪುಟಗಳಲ್ಲಿ ಉಳಿದಿರುವ ಆ ಕಥೆಯನ್ನು ಇಂದಿನ ಗುಡ್ಡ, ಬಾವಿ, ಹೊಲಗಳ ಮೇಲಿಟ್ಟು ಹೇಗೆ ಓದಬಹುದೆಂಬುದನ್ನು ತಮ್ಮೆದುರು ಬಿನ್ನವಿಸಬೇಕೆಂದಿದ್ದೇನೆ.

ಮೊದಲು ನಾಡಿನ ಸ್ಥಿತಿಯನ್ನು ನೋಡೋಣ. ಭೀಮೆ ಮತ್ತು ಕೃಷ್ಣೆಯರ ನಡುವಣ ಈ ಮೂಲೆಗೆ ಶಹಾಪುರದ ಬಳಿಯ ಸಗರವೇ ಪುರಾತನ ಕೇಂದ್ರ. ಮಹಮ್ಮದ್ ಬಿನ್ ತುಘಲಕನ ಬಂಧುವೂ ಸಗರದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು 1326-27ರ ಸುಮಾರಿಗೆ ಸುಲ್ತಾನನ ಮೇಲೆ ದಂಗೆಯೆದ್ದು, ಸೋತು, ಕಂಪಿಲಿಯ ಅರಸನ ಆಶ್ರಯ ಬೇಡಿದನು. ಮರೆಹೊಕ್ಕವನನ್ನು ಒಪ್ಪಿಸಲೊಲ್ಲದೆ ಕಂಪಿಲರಾಯನು ರಾಜ್ಯವನ್ನೂ ಪ್ರಾಣವನ್ನೂ ತೆತ್ತನು. ಕಂಪಿಲಿಯ ಬೂದಿಯ ಮೇಲೆ ಕೆಲವೇ ವರ್ಷಗಳಲ್ಲಿ ವಿಜಯನಗರ ತಲೆಯೆತ್ತಿತು. ಕರ್ನಾಟಕದ ಚರಿತ್ರೆಯ ಆ ಮಹಾ ತಿರುವಿನ ಮೊದಲ ಎಳೆ ನಮ್ಮ ಸಗರದಲ್ಲಿದೆಯೆಂಬುದನ್ನು ಈ ನೆಪದಲ್ಲಿ ನೆನೆಯಬಹುದು.

ಬಹಮನಿಗಳ ಕಾಲ, ಆದಿಲಶಾಹಿಗಳ ಕಾಲ ಕಳೆಯುವಾಗ ಇಲ್ಲಿ ಬಲಗೊಂಡವರು ಬೇಡ ನಾಯಕರು. ಕಾಲಾಳಿನ ಕಾಳಗದಲ್ಲಿ, ರಾತ್ರಿಯ ದಾಳಿಯಲ್ಲಿ, ತುಪಾಕಿಯ ಗುರಿಯಲ್ಲಿ ಅವರಿಗೆ ಸಮನಾದವರು ದಖ್ಖನದಲ್ಲಿ ಇರಲಿಲ್ಲವೆಂಬುದನ್ನು ಅವರ ಶತ್ರುಗಳೇ ಒಪ್ಪಿದ್ದಾರೆ. ಮೊಗಲ್ ಲೇಖಕರು ಅವರ ಕುಲವನ್ನು ಕುರಿತು ಬರೆದ ಹೀನ ಮಾತುಗಳನ್ನು ಇಲ್ಲಿ ಉದ್ಧರಿಸುವ ಅಗತ್ಯವಿಲ್ಲ. ಸೋಲಿನ ಕಹಿ ಲೇಖನಿಯ ತುದಿಗೆ ಇಳಿದಾಗ ಅಂಥ ಮಾತುಗಳು ಬರುವುದುಂಟು. 1686ರಲ್ಲಿ ಬಿಜಾಪುರವು ಮೊಗಲರ ಮುತ್ತಿಗೆಯಲ್ಲಿ ಹಸಿದು ಕಂಗಾಲಾದಾಗ ಸಗರದ ಪಾಮನಾಯಕನು ಆರು ಸಾವಿರ ಕಾಲಾಳುಗಳ ತಲೆಯ ಮೇಲೆ ಧಾನ್ಯ ಹೊರಿಸಿ ಕಳುಹಿದನು. ಫಿರೋಜ್ ಜಂಗನು ಅವರನ್ನು ದಾರಿಯಲ್ಲಿ ಅಡ್ಡಗಟ್ಟಿ ಕಡಿದುಹಾಕಿದನು. ಮರುವರ್ಷ ಸಗರವೂ ಮೊಗಲರ ವಶವಾಯಿತು. ಪಾಮನಾಯಕನು ಬಾದಶಹನ ದರ್ಬಾರಿಗೆ ಹೋಗಿ, 1688ರ ಆರಂಭದಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು.

ಅವನ ದತ್ತುಪುತ್ರ ಪಿಡ್ಡನಾಯಕನು ಮೊಗಲ್ ಸೇವೆಯ ನೆರಳಿನಿಂದ ಜಾರಿ ಬಂದು ಸಗರವನ್ನು ಬಿಟ್ಟು ವಾಗಣಗೇರಾವನ್ನು ತನ್ನ ನೆಲೆಯಾಗಿ ಮಾಡಿಕೊಂಡನು. ಇದನ್ನು ನಾನು ಬಹಳ ಜಾಣತನದ ನಿರ್ಧಾರವೆಂದು ತಿಳಿಯುತ್ತೇನೆ. ದೊಡ್ಡ ಪಟ್ಟಣಕ್ಕಿಂತ ಬಂಡೆಗಳ ನಡುವಣ ಗುಡ್ಡವೊಂದು ತನ್ನ ಜನರ ಯುದ್ಧಕ್ರಮಕ್ಕೆ ಹೆಚ್ಚು ಒಗ್ಗುವುದೆಂಬುದನ್ನು ಅವನು ಕಂಡುಕೊಂಡಿದ್ದನು. 1691ರಲ್ಲಿ ಶಹಜಾದೆ ಕಾಮಬಕ್ಷನು ದಂಡೆತ್ತಿ ಬಂದನು. ಅವನ ತರುವಾಯ ರುಹುಲ್ಲಾ ಖಾನನು ಬಂದನು. ಕೆಲವು ವರ್ಷಗಳ ಮೇಲೆ ಫಿರೋಜ್ ಜಂಗನೂ ಬಂದನು. ದಂಡು ಬಲವಾಗಿದ್ದರೆ ಪಿಡ್ಡನಾಯಕನು ಕಾಣಿಕೆ ಕೊಟ್ಟು ಬಾಗುವನು. ದಂಡು ಬೆನ್ನು ತಿರುಗಿಸಿದೊಡನೆ ಮೊದಲಿನಂತೆ ತಲೆಯೆತ್ತುವನು.

1700ರಿಂದ 1704ರವರೆಗೆ ಆಲಮಗೀರನು ಸಾತಾರಾ, ಪನ್ಹಾಳ, ವಿಶಾಲಗಡ, ಕೊಂಡಾಣಾ, ರಾಜಗಡ, ತೋರಣಾ ಎಂದು ಮರಾಠರ ಗಿರಿದುರ್ಗಗಳನ್ನು ಒಂದೊಂದಾಗಿ ಹಿಡಿಯುತ್ತ ನಡೆದನು. ಅವುಗಳಲ್ಲಿ ಹೆಚ್ಚಿನವು ತೋಪಿನ ಬಲಕ್ಕಿಂತ ಹಣದ ಚೀಲದ ಬಲದಿಂದ ಕೈವಶವಾದವು. 1704ರ ಅಕ್ಟೋಬರಿನಲ್ಲಿ ಹೊರಟ ಅವನ ಮಹಾಶಿಬಿರವು 1705ರ ಫೆಬ್ರವರಿಯಲ್ಲಿ ವಾಗಣಗೇರಾದ ಎದುರು ಬಂದು ನಿಂತಿತು.

ಈಗ ಕಾಳಗದ ನೆಲವನ್ನು ತಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಗುಡ್ಡದ ಮೇಲೆ ಕೋಟೆ. ಬಯಲಿಗೆ ಮುಖಮಾಡಿದ ಕಡೆಯಲ್ಲಿ ಮಣ್ಣಿನ ಗೋಡೆಯುಳ್ಳ ಪೇಟೆ. ಅದರ ಹೆಸರು ತಳವಾರಗೇರಾ. ಸುತ್ತಲೂ ಚಿಕ್ಕಪುಟ್ಟ ದಿನ್ನೆಗಳು. ಅವುಗಳಲ್ಲೊಂದು ಕೆಂಪು ಮಣ್ಣಿನ ದಿನ್ನೆ. ಪಾರಸಿ ಬರಹಗಾರರು ಅದನ್ನು ಲಾಲ್ ಟೇಕ್ರಿ ಎಂದು ಕರೆದರು. ಅಲ್ಲಿಂದ ಕೋಟೆಯ ಒಂದು ಭಾಗ ಕಣ್ಣೆದುರಿಗೆ ಬರುತ್ತಿತ್ತು. ಅತ್ತ ದೂರದಲ್ಲಿ ಬಾದಶಹನ ಡೇರೆಗಳ ಊರು: ಆನೆ, ಒಂಟೆ, ಎತ್ತು, ಬಂಜಾರರ ಧಾನ್ಯದ ಹೇರು, ಸಾವಿರಾರು ಪರಿಚಾರಕರು.

ಮೊದಲ ವಾರಗಳ ಹೋರಾಟವೆಲ್ಲ ಆ ಕೆಂಪು ದಿನ್ನೆಯ ಸುತ್ತಲೇ ನಡೆಯಿತು. ಒಂದು ಬೆಳಗಿನ ಜಾವ ಮೊಗಲ್ ಸರದಾರರು ಅದನ್ನು ಏರಿ ಹಿಡಿದರು. ಸುದ್ದಿ ತಿಳಿದ ಕೂಡಲೇ ಬೇಡರ ಪಡೆ ಮುಗಿಬಿದ್ದು ಕಲ್ಲು, ಗುಂಡುಗಳ ಮಳೆಗರೆದು ಅವರನ್ನು ಕೆಳಗಟ್ಟಿತು. ಈ ಹೋರಾಟದಲ್ಲಿ ಭಾಗವಹಿಸಿದವರಲ್ಲಿ ಚಿನ್ ಕಿಲಿಚ್ ಖಾನನೂ ಒಬ್ಬನು. ಮುಂದೆ 1724ರಲ್ಲಿ ಹೈದರಾಬಾದಿನಲ್ಲಿ ಸ್ವತಂತ್ರ ಪ್ರಭುತ್ವ ನಡೆಸತೊಡಗಿದ ಮೊದಲನೆಯ ನಿಜಾಮನು ಇವನೇ. ಸುರಪುರವು ಕಡೆಗೆ ನಿಜಾಮನ ಸೀಮೆಯಲ್ಲಿ ಸೇರಿಹೋದದ್ದನ್ನು ನೆನೆದಾಗ, ಆ ವಂಶದ ಮೂಲಪುರುಷನು ಇಲ್ಲಿಯ ಗುಡ್ಡದ ಬುಡದಲ್ಲಿ ಪೆಟ್ಟು ತಿಂದು ಹಿಮ್ಮೆಟ್ಟಿದನೆಂಬುದು ಕೌತುಕದ ಸಂಗತಿ.

ಮಾರ್ಚ್ ತಿಂಗಳ ಕೊನೆಗೆ ಧನಾಜಿ ಜಾಧವ ಮತ್ತು ಹಿಂದುರಾವ್ ಎಂಬ ಮರಾಠಾ ಸರದಾರರು ಕುದುರೆ ಸವಾರರೊಡನೆ ಬಂದರು. ಬಂದ ಕಾರಣ ಬರಿಯ ಸ್ನೇಹವಲ್ಲ. ಮೊಗಲರ ಭಯದಿಂದ ಅನೇಕ ಮರಾಠಾ ಮನೆತನಗಳು ಹೆಂಡಿರು ಮಕ್ಕಳನ್ನು ವಾಗಣಗೇರಾದ ಆಶ್ರಯದಲ್ಲಿ ಇರಿಸಿದ್ದವು. ಒಂದು ಪಡೆ ಮುಂದಿನಿಂದ ಮೊಗಲರನ್ನು ತಡೆದು ನಿಲ್ಲಿಸಿದಾಗ ಇನ್ನೊಂದು ಪಡೆ ಹಿಂದಿನ ಮಗ್ಗುಲಿನಿಂದ ಹೆಂಗಸರು ಮಕ್ಕಳನ್ನು ಚುರುಕಾದ ಕುದುರೆಗಳ ಮೇಲೆ ಪಾರುಮಾಡಿಸಿತು. ಆ ಬಳಿಕವೂ ಮರಾಠರು ಹೋಗಲಿಲ್ಲ. ದಿನಬತ್ತೆ ಪಡೆದು ಪಿಡ್ಡನಾಯಕನ ಬೆಂಬಲಕ್ಕೆ ನಿಂತರು. ಮುತ್ತಿಗೆ ಹಾಕಿದವರೇ ಮುತ್ತಿಗೆಗೆ ಒಳಗಾದಂತಾಯಿತು. ಶಿಬಿರದಲ್ಲಿ ಧಾನ್ಯ, ಮೇವುಗಳ ಅಭಾವ ತಲೆದೋರಿತು.

ಆಗ ಪಿಡ್ಡನಾಯಕನು ಹೂಡಿದ ಆಟವನ್ನು ಓದಿದರೆ ನಗು ಬಾರದಿರದು. ಶಿಬಿರಕ್ಕೂ ಕೋಟೆಗೂ ಓಡಾಡಿಕೊಂಡಿದ್ದ ಅಬ್ದುಲ್ ಘನಿ ಎಂಬ ಕಾಶ್ಮೀರದ ವ್ಯಾಪಾರಿಯ ಮುಖಾಂತರ ಸಂಧಿಯ ಮಾತು ನಡೆಸಿ, ತನ್ನ ತಮ್ಮ ಸೋಮಶಂಕರನನ್ನು ಒತ್ತೆಯಾಗಿ ಬಾದಶಹನ ಬಳಿಗೆ ಕಳುಹಿದನು. ಬಾದಶಹನು ಸಂತೋಷಗೊಂಡು ಕೋಟೆಯ ಅಧಿಕಾರ ವಹಿಸಿಕೊಳ್ಳಲು ಮುಹ್ತಶಮ್ ಖಾನನನ್ನು ಕಳುಹಿದನು. ಖಾನನು ಸ್ವಲ್ಪ ಜನರೊಡನೆ ಒಳಹೊಕ್ಕನು. ಶಿಬಿರದಲ್ಲಿ ವಿಜಯದ ವಾದ್ಯಗಳು ಮೊಳಗಿದವು. ಅಷ್ಟರಲ್ಲಿ ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಮರಾಠರೊಡನೆ ಎಲ್ಲಿಗೋ ಓಡಿಹೋದನೆಂಬ ವದಂತಿ ಹಬ್ಬಿತು. ಕೋಟೆ ತೆರವು ಮಾಡಿಸಲು ಸೋಮಶಂಕರನೇ ಬರಬೇಕೆಂದು ಒಳಗಿನಿಂದ ಬೇಡಿಕೆ ಬಂದಿತು. ಬಾದಶಹನು ಅವನನ್ನು ಬಿಟ್ಟುಕೊಟ್ಟನು. ಒತ್ತೆಯಾಳು ಒಳಸೇರಿದ. ಒಳಗಿದ್ದ ಖಾನನು ಸೆರೆಯಾಳಿನಂತಾದ. ಹುಚ್ಚೂ ಇಲ್ಲ, ಓಟವೂ ಇಲ್ಲ. ಕೋಟೆ ಮೊದಲಿನಂತೆಯೇ ಗುಂಡು ಹಾರಿಸತೊಡಗಿತು. ಅರ್ಧ ಶತಮಾನ ಆಳಿದ, ರಾಜಕಾರಣದಲ್ಲಿ ಪಳಗಿದ ಆ ಮುದುಕನು ಇಷ್ಟು ಸುಲಭವಾಗಿ ಮೋಸಹೋದದ್ದು ಹೇಗೆ? ಆಯಾಸವೆಂಬುದೇ ನನ್ನ ಉತ್ತರ. ಮುಗಿದರೆ ಸಾಕೆಂದು ಹಂಬಲಿಸುವವನು ಮುಗಿಯಿತೆಂಬ ಮಾತನ್ನು ಬೇಗ ನಂಬುತ್ತಾನೆ.

ಆಟಕ್ಕೆ ಕೊನೆ ತಂದವನು ಜುಲ್ಫಿಕರ್ ಖಾನ್ ನುಸ್ರತ್ ಜಂಗ್. ಹಿಂದೆ ತಮಿಳುನಾಡಿನ ಜಿಂಜಿಯನ್ನು ಗೆದ್ದ ಈ ಸೇನಾನಿ, ದಾವೂದ್ ಖಾನ್ ಪನ್ನಿ ಮತ್ತು ದಲಪತರಾವ್ ಬುಂದೇಲರೊಡನೆ ಬಾದಶಹನ ಕರೆಗೆ ಓಗೊಟ್ಟು ಬಂದನು. ಅವನು ಮಾಡಿದ ಮೊದಲ ಕೆಲಸ ಕೋಟೆಯ ಗೋಡೆಗೆ ತಲೆ ಚಚ್ಚಿಕೊಳ್ಳುವುದಲ್ಲ. ಕೆಂಪು ದಿನ್ನೆಯನ್ನು ಹಿಡಿದು ಭದ್ರಪಡಿಸಿದನು. ಬಳಿಕ ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನು ವಶಪಡಿಸಿಕೊಂಡನು. ಏಪ್ರಿಲ್ ತಿಂಗಳು. ಈ ಸೀಮೆಯ ಏಪ್ರಿಲ್ ಎಂಥದೆಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ. ಬಾವಿ ಹೋದ ಮೇಲೆ ಕೋಟೆ ಹೋದಂತೆಯೇ. ತಿಂಗಳ ಕೊನೆಯ ವಾರದಲ್ಲಿ ಜುಲ್ಫಿಕರನು ತಳವಾರಗೇರಾದ ಮೇಲೆ ನುಗ್ಗಿದನು. ಆ ರಾತ್ರಿ ಪಿಡ್ಡನಾಯಕನು ಮನೆಗಳಿಗೆ ಬೆಂಕಿಯಿಟ್ಟು, ಮರಾಠರೊಡನೆ ಹಿಂದಿನ ದಾರಿಯಿಂದ ಮರೆಯಾದನು. ಒಳಹೊಕ್ಕ ಮೊಗಲರಿಗೆ ದೊರೆತದ್ದು ಹೊಗೆ ಮತ್ತು ಬರಿಯ ಕಲ್ಲು. ಬಾದಶಹನು ಕೋಟೆಗೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟನು.

ಈ ವಿವರಗಳೆಲ್ಲ ನಮಗೆ ಎಲ್ಲಿಂದ ದೊರೆತವು? ದಲಪತರಾವ್ ಬುಂದೇಲನ ಸೇವೆಯಲ್ಲಿದ್ದ ಭೀಮಸೇನನೆಂಬ ಕಾಯಸ್ಥನು ತನ್ನ ನೆನಪುಗಳನ್ನು ಬರೆದಿಟ್ಟಿದ್ದಾನೆ. ಸಾಕಿ ಮುಸ್ತೈದ್ ಖಾನನ ಮಾಸಿರೆ ಆಲಮಗೀರಿ ದರ್ಬಾರಿನ ದಾಖಲೆಗಳನ್ನು ಆಧರಿಸಿದ್ದು. ಖಾಫಿ ಖಾನನ ಚರಿತ್ರೆಯೂ ಇದೆ. ಇವೆಲ್ಲವನ್ನೂ ಜೋಡಿಸಿ ಸರ್ ಜದುನಾಥ ಸರ್ಕಾರರು ಔರಂಗಜೇಬನ ಚರಿತ್ರೆಯನ್ನು ಬರೆದರು. ಕನ್ನಡದಲ್ಲಿ ಸುರಪುರ ಸಂಸ್ಥಾನದ ಇತಿಹಾಸವನ್ನು ಕಪಟರಾಳ ಕೃಷ್ಣರಾಯರು ಪರಿಶ್ರಮದಿಂದ ಸಂಪಾದಿಸಿಕೊಟ್ಟಿದ್ದಾರೆ. ಆದರೆ ಪುಸ್ತಕದ ಸಾಕ್ಷಿಗೆ ಒಂದು ಮಿತಿ ಉಂಟು. ಪಾರಸಿ ಲೇಖಕರೆಲ್ಲ ಮುತ್ತಿಗೆಯ ಹೊರಗಣವರು; ಕೋಟೆಯ ಒಳಗಿನಿಂದ ಹೊರನೋಡಿದವನ ಕಣ್ಣು ಅವರಿಗಿಲ್ಲ. ಆ ಒಳಗಿನ ಮಾತನ್ನು ಹೇಳಬಲ್ಲದ್ದು ನೆಲವೊಂದೇ.

ನೆಲದ ಮೊದಲ ಸಾಕ್ಷಿ ಹೆಸರು. ಮೊಗಲ್ ಬರಹಗಳಲ್ಲಿ ಬರುವ ತಳವಾರಗೇರಾ ಇಂದಿಗೂ ಸುರಪುರ ತಾಲ್ಲೂಕಿನ ಹಳ್ಳಿಯ ಹೆಸರಾಗಿ ಉಳಿದಿದೆ. ಗೇರಾ, ಗೇರಿ ಎಂಬುದು ನಮ್ಮ ಕೇರಿಯೇ. ತಳವಾರರೆಂದರೆ ಊರ ಕಾವಲಿನವರು. ಕೋಟೆಯ ಬುಡದಲ್ಲಿ ಕಾವಲು ಬಂಟರ ಕೇರಿ ಇದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂರು ಶತಮಾನಗಳ ಕೆಳಗೆ ಪಾರಸಿಯಲ್ಲಿ ಬರೆದ ಹೆಸರಿಗೂ ಇಂದಿನ ಬಸ್ಸಿನ ಹಲಗೆಯ ಮೇಲಿನ ಹೆಸರಿಗೂ ಹೊಂದಿಕೆಯಾಗುವುದು ಇತಿಹಾಸಕಾರನ ಪಾಲಿಗೆ ತಾಮ್ರಪಟ ಸಿಕ್ಕಷ್ಟೇ ಲಾಭ. ಇತ್ತ ಬಾದಶಹನು ಇಟ್ಟ ರಹಮಾನ್ ಬಕ್ಷ್ ಎಂಬ ಹೆಸರು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ವಾಗಣಗೇರಾ ವಾಗಣಗೇರಾ ಆಗಿಯೇ ಉಳಿಯಿತು.

ಎರಡನೆಯ ಸಾಕ್ಷಿ ಮಣ್ಣು. ಈ ಸೀಮೆಯ ರೈತನಿಗೆ ಎರೆಭೂಮಿ ಯಾವುದು, ಮಸಾರಿ ಯಾವುದು ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಬಯಲಿನ ಎರೆ ಕಪ್ಪು. ಕಣಶಿಲೆ ಕರಗಿ ಆದ ಗುಡ್ಡದ ಬದಿಯ ಮಸಾರಿ ಕೆಂಪು. ಲಾಲ್ ಟೇಕ್ರಿಯನ್ನು ಹುಡುಕುವವನು ಕೋಟೆಯ ಗೋಡೆಗೆ ಗುಂಡಿನ ಅಳವಿನಲ್ಲಿರುವ, ಬುಡದಲ್ಲಿ ಎರೆ ಸುತ್ತುವರಿದ ಮಸಾರಿ ಮರಡಿಯನ್ನು ನೋಡಬೇಕು. ತಿಂಗಳುಗಳ ಲೆಕ್ಕವೂ ಈ ಮಣ್ಣಿನಿಂದಲೇ ತಿಳಿಯಾಗುತ್ತದೆ. ಎರೆಭೂಮಿಯ ಮೇಲೆ ಎತ್ತುಗಳು ತೋಪಿನ ಬಂಡಿಯನ್ನು ಎಳೆಯಬಲ್ಲವು, ಆದರೆ ಒಣಗಿದಾಗ ಮಾತ್ರ. ರೋಹಿಣಿ, ಮೃಗಶಿರಾ ಮಳೆ ಬಿದ್ದರೆ ಅದೇ ಎರೆ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಏಪ್ರಿಲಿನಲ್ಲಿ ಜುಲ್ಫಿಕರನು ಅಷ್ಟು ಅವಸರಪಟ್ಟದ್ದೇಕೆ, ಸಂಧಿಯ ಆಟದಲ್ಲಿ ಪಿಡ್ಡನಾಯಕನು ದಿನ ದೂಡಿದ್ದೇಕೆ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಸಾಕು. ಒಬ್ಬನಿಗೆ ಮಳೆಯ ಭಯ, ಇನ್ನೊಬ್ಬನಿಗೆ ಮಳೆಯ ಆಸೆ.

ಮೂರನೆಯದು ನೀರು. ಇದೇ ಎಲ್ಲಕ್ಕಿಂತ ಮುಖ್ಯ. ಯಾದಗಿರಿಯ ಕೋಟೆಯನ್ನು ಹತ್ತಿ ನೋಡಿದವರಿಗೆ ಈ ಮಾತು ಬೇಗ ಮನವರಿಕೆಯಾಗುತ್ತದೆ. ಅಲ್ಲಿ ಬಂಡೆಗಳ ನಡುವೆ ನೀರಿನ ಹೊಂಡಗಳು ಕೋಟೆಯ ಆವರಣದೊಳಗೇ ಇವೆ. ಜೈನ ತೀರ್ಥಂಕರರ ಉಬ್ಬುಶಿಲ್ಪಗಳಿಂದ ಹಿಡಿದು ಆದಿಲಶಾಹಿ ಕಾಲದ ಕೊತ್ತಲ, ಫಿರಂಗಿಗಳವರೆಗೆ ಒಂದೇ ಗುಡ್ಡದ ಮೇಲೆ ಹಲವು ಶತಮಾನಗಳು ನಿಂತಿವೆ. ಅಂಥ ಕೋಟೆ ದೀರ್ಘ ಮುತ್ತಿಗೆಯನ್ನು ತಾಳಬಲ್ಲದು. ವಾಗಣಗೇರಾ ಹಾಗಲ್ಲ. ಅದು ಅವಸರದ ಕಾಲದಲ್ಲಿ ಒಂದು ಪೀಳಿಗೆಯೊಳಗೆ ರಾಜಧಾನಿಯಾಗಿ ಬೆಳೆದ ನೆಲೆ. ಆಶ್ರಿತರ ಕುಟುಂಬಗಳೂ ಸೇರಿ ಜನ ಹೆಚ್ಚಿದ್ದರು. ನೀರಿಗಾಗಿ ಗೋಡೆಯ ಹೊರಗಿನ ಬಾವಿಗಳನ್ನೂ ನೆಚ್ಚಬೇಕಾಯಿತು. ಆ ಬಾವಿಗಳ ಸ್ಥಾನವನ್ನು ಗುರುತಿಸಿದರೆ ಮುತ್ತಿಗೆಯ ಕೊನೆಯ ಅಂಕವೆಲ್ಲ ಒಂದು ನಕಾಶೆಯ ಮೇಲೆ ಮೂಡಿಬಿಡುತ್ತದೆ. ಬಾವಿ ಎಲ್ಲಿಯೋ ಅಲ್ಲಿಯೇ ಮೋರ್ಚಾ, ಮೋರ್ಚಾ ಎಲ್ಲಿಯೋ ಅಲ್ಲಿಯೇ ಗುಂಡು.

ಗುಂಡಿನ ಮಾತು ಬಂದದ್ದರಿಂದ ಹೊರದೇಶದ ಒಂದು ಉದಾಹರಣೆಯನ್ನು ಹೇಳುವೆ. ಅಮೆರಿಕದಲ್ಲಿ ಲಿಟ್ಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ಅಲ್ಲಿಯ ಮೂಲನಿವಾಸಿಗಳಿಗೂ ಸರಕಾರದ ದಂಡಿಗೂ ಕಾಳಗ ನಡೆದು ದಂಡಿನ ಒಂದು ಭಾಗ ಪೂರ್ತಿ ನಾಶವಾಯಿತು. ಹುಲ್ಲುಗಾವಲಿಗೆ 1983ರಲ್ಲಿ ಬೆಂಕಿ ಬಿದ್ದು ನೆಲ ಬಯಲಾದಾಗ ಪುರಾತತ್ತ್ವಜ್ಞರು ಮರುವರ್ಷ ಲೋಹಶೋಧಕಗಳನ್ನು ಹಿಡಿದು ಅಂಗುಲ ಅಂಗುಲ ನಡೆದರು. ಸಿಕ್ಕ ಪ್ರತಿಯೊಂದು ಗುಂಡು, ತೋಟೆಯ ಸ್ಥಾನವನ್ನು ಅಳೆದು ಬರೆದುಕೊಂಡು, ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನೂ ಲೆಕ್ಕಹಾಕಿದರು. ಗೆದ್ದವರ ಬಾಯಿಮಾತಿನ ಕಥನವನ್ನು ಪಂಡಿತರು ಅಲ್ಲಿಯವರೆಗೆ ಲಘುವಾಗಿ ಕಂಡಿದ್ದರು. ನೆಲ ಬಹುಮಟ್ಟಿಗೆ ಅದನ್ನೇ ಸಮರ್ಥಿಸಿತು. ಈ ವಿದ್ಯೆಯ ರಹಸ್ಯವನ್ನು ತಾವು ಗಮನಿಸಬೇಕು. ಬೆಲೆ ಇರುವುದು ಗುಂಡಿಗಲ್ಲ, ಗುಂಡು ಬಿದ್ದಿದ್ದ ಜಾಗಕ್ಕೆ. ಹೊಲದಲ್ಲಿ ಸಿಕ್ಕ ಸೀಸದ ಗೋಲಿಯನ್ನು ಮಕ್ಕಳು ಆಟಕ್ಕೆ ಒಯ್ದರೆ ಸಂಗತಿಯ ಅರ್ಧ ಹೋಯಿತು. ಜಾಗವನ್ನೂ ಮರೆತರೆ ಪೂರ್ತಿ ಹೋಯಿತು.

ಕೋಟೆಯ ಗೋಡೆಗಳೂ ಮಾತನಾಡಬಲ್ಲವು. ದಖ್ಖನದ ಕೋಟೆಗಳಲ್ಲಿ ತೋಪಿನ ಯುಗ ಬಂದ ಮೇಲೆ ಕೊತ್ತಲಗಳ ಆಕಾರ ಹೇಗೆ ಬದಲಾಯಿತು, ಎತ್ತರದ ಕೊತ್ತಲದ ನೆತ್ತಿಯಲ್ಲಿ ಸುತ್ತ ತಿರುಗುವ ಫಿರಂಗಿಯನ್ನು ಹೇಗೆ ಕೂರಿಸಿದರು ಎಂಬುದನ್ನು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಚರ್ಚಿಸಿದ್ದಾರೆ. ವಾಗಣಗೇರಾದ ಹಾಳುಗೋಡೆಗಳ ಎದುರು ನಿಂತವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇಂಥವೇ. ಕಲ್ಲಿನ ಸಾಲು ಎಲ್ಲಿ ಒಮ್ಮೆಲೆ ಬದಲಾಗುತ್ತದೆ? ಒಡೆದದ್ದನ್ನು ಮತ್ತೆ ಕಟ್ಟಿದ ಗುರುತು ಎಲ್ಲಿದೆ? ಬೆಂಕಿಗೆ ಬೆಂದು ಕೆಂಪಾದ ಮಣ್ಣಿನ ಪದರ ಎಲ್ಲಿ ಇಣುಕುತ್ತದೆ? ಪಿಡ್ಡನಾಯಕನು ಹೊರಡುವ ಮುನ್ನ ಇಟ್ಟ ಬೆಂಕಿಯನ್ನು ಪಾರಸಿ ಲೇಖಕರು ದಾಖಲಿಸಿದ್ದಾರೆ. ನೆಲ ಅಂಥ ಬೆಂಕಿಯನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಮುತ್ತಿಗೆ ಮುಗಿದ ಮೇಲೆ ಆಲಮಗೀರನು ಕೃಷ್ಣೆಯ ಕಡೆಗೆ ಸರಿದು ದೇವಾಪುರದಲ್ಲಿ ಮಳೆಗಾಲಕ್ಕೆ ಬಿಡಾರ ಮಾಡಿದನು. ಕವಿ ಲಕ್ಷ್ಮೀಶನ ಊರೆಂದು ಈ ಭಾಗದವರು ಅಭಿಮಾನದಿಂದ ಹೇಳುವುದು ಸುರಪುರ ಸೀಮೆಯ ದೇವಾಪುರವನ್ನೇ. ಅಲ್ಲಿ ಬಾದಶಹನು ತೀವ್ರ ಕಾಯಿಲೆಯಿಂದ ಹಾಸಿಗೆ ಹಿಡಿದನು. ಮೂರ್ಛೆ ಹೋಗುತ್ತಿದ್ದನೆಂದೂ, ಬದುಕುವ ಆಸೆ ಬಿಟ್ಟಿತ್ತೆಂದೂ ಬರೆದಿದ್ದಾರೆ. ಸುತ್ತ ಶತ್ರುಗಳ ನಾಡು, ಮುಂದೆ ತುಂಬಿದ ಹೊಳೆ. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಉತ್ತರಕ್ಕೆ ಹೊರಟವನು 1706ರ ಜನವರಿಯಲ್ಲಿ ಅಹಮದನಗರ ಸೇರಿದನು. 1707ರಲ್ಲಿ ಅಲ್ಲಿಯೇ ತೀರಿಕೊಂಡನು. ಇನ್ನೊಂದು ಕೋಟೆಯ ಎದುರು ಅವನು ನಿಲ್ಲಲಿಲ್ಲ. ಪಿಡ್ಡನಾಯಕನಾದರೋ ಸೀಮೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಸುರಪುರದ ಬೆಟ್ಟದ ಮೇಲೆ ಹೊಸ ರಾಜಧಾನಿಯನ್ನು ನೆಲೆಗೊಳಿಸಿದನು. ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯ ಅವನ ಹೆಸರಿನೊಡನೆ ಕೂಡಿಕೊಂಡಿದೆ. ಗೆದ್ದವನು ಪಲ್ಲಕ್ಕಿಯಲ್ಲಿ ಹೋದ, ಸೋತವನು ಪಟ್ಟಣ ಕಟ್ಟಿದ.

ಈಗ ಇಂದಿನ ಮಾತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು ಅದರ ಎಡದಂಡೆ ಕಾಲುವೆಯ ನೀ‌ರು ಸುರಪುರ, ಶಹಾಪುರಗಳ ಒಣಭೂಮಿಗೆ ಹರಿಯಿತು. ಜೋಳದ ನಾಡಿನಲ್ಲಿ ಭತ್ತ ಬೆಳೆಯಿತು. ಬರಗಾಲದ ದಿನಗಳನ್ನು ಕಂಡ ಹಿರಿಯರು ಆ ಕಾಲುವೆಯನ್ನು ಗಂಗೆಯೆಂದೇ ಕೈಮುಗಿದರು. ಅದನ್ನು ಇತಿಹಾಸದ ಹೆಸರಿನಲ್ಲಿ ಹಳಿಯುವುದು ನನ್ನಿಂದಾಗದು. ಆದರೆ ಗದ್ದೆಗೆ ನೆಲ ಮಟ್ಟವಾಗಬೇಕು. ಏರುತಗ್ಗಿನ ಹೊಲಗಳ ಮೇಲೆ ಯಂತ್ರಗಳು ಓಡಿ ಮರಡಿಗಳನ್ನು ಕರಗಿಸಿ ತಗ್ಗುಗಳನ್ನು ತುಂಬುತ್ತವೆ. ಹಾಳುಬಾವಿಗಳಿಗೆ ಕಲ್ಲುಮಣ್ಣು ಸುರಿಯುತ್ತಾರೆ. ಮನೆ, ರಸ್ತೆಗಳಿಗೆಂದು ಕೆಂಪು ಮರಳುಮಣ್ಣನ್ನು ದಿನ್ನೆಗಳಿಂದಲೇ ಅಗೆದು ಒಯ್ಯುತ್ತಾರೆ. ಇಂಥ ರಣಭೂಮಿಯ ಕುರುಹುಗಳು ಗುಡಿಗೋಪುರಗಳಂತೆ ಎದ್ದು ಕಾಣುವುದಿಲ್ಲ. ಒಂದು ದಿನ್ನೆ, ಒಂದು ಬಾವಿ, ಮಣ್ಣಿನ ಗೋಡೆಯ ಒಂದು ಉಬ್ಬು, ಅಷ್ಟೇ. ಆದ್ದರಿಂದಲೇ ಅವು ಹೋದದ್ದು ಯಾರ ಅರಿವಿಗೂ ಬರುವುದಿಲ್ಲ. ಇದರ ಮೇಲೆ ನಿಧಿಯಾಸೆಯ ಕಳ್ಳರು. ಹಾಳುಕೋಟೆ ಕಂಡಲ್ಲಿ ಹೊನ್ನಿನ ಕೊಪ್ಪರಿಗೆ ಇದೆಯೆಂಬ ಭ್ರಾಂತಿ ನಮ್ಮ ಸೀಮೆಯನ್ನು ಇನ್ನೂ ಬಿಟ್ಟಿಲ್ಲ. ಸುಟ್ಟು ಬರಿದಾದ ಕೋಟೆಯಲ್ಲಿ ಹೊನ್ನೆಲ್ಲಿಂದ ಬರಬೇಕು? ಇದ್ದುದನ್ನೆಲ್ಲ ನಾಯಕನೇ ಒಯ್ದ ಮೇಲೆ?

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕರು, ಗ್ರಾಮಲೆಕ್ಕಿಗರು, ವಕೀಲರು, ಒಕ್ಕಲುತನದವರು ಎಲ್ಲರೂ ಇದ್ದೀರಿ. ತಮ್ಮಿಂದ ಆಗತಕ್ಕ ಕೆಲಸಕ್ಕೆ ದೊಡ್ಡ ವಿದ್ವತ್ತು ಬೇಡ. ನಮ್ಮ ಹೊಲಗಳಿಗೆ ಸರ್ವೆ ನಂಬರು ಬರುವ ಮುಂಚೆ ಹೆಸರುಗಳಿದ್ದವು. ಕೆಂಪುದಿನ್ನೆ, ತೋಪಿನ ಹೊಲ, ಕೋಟೆಬಾವಿ, ದಂಡಿನ ದಾರಿ ಎಂಬ ಬಗೆಯ ಹೆಸರುಗಳು ಅನೇಕ ಊರುಗಳಲ್ಲಿ ಅಜ್ಜಂದಿರ ಬಾಯಲ್ಲಿ ಇರುತ್ತವೆ. ಮಗ ಸರ್ವೆ ನಂಬರನ್ನು ಹೇಳುತ್ತಾನೆ, ಮೊಮ್ಮಗನಿಗೆ ಅದೂ ಬೇಡ. ವಾಗಣಗೇರಾ, ತಳವಾರಗೇರಾ, ದೇವಾಪುರಗಳಲ್ಲಿ ಬಂಧುಬಳಗವಿರುವವರು ಒಂದು ಸಂಜೆ ಕಟ್ಟೆಯ ಮೇಲೆ ಹಿರಿಯರ ಮಗ್ಗುಲಲ್ಲಿ ಕುಳಿತು, ಗುಡ್ಡದ ಸುತ್ತಣ ಪ್ರತಿ ಹೊಲದ, ಪ್ರತಿ ಬಾವಿಯ, ಪ್ರತಿ ದಿನ್ನೆಯ ಹೆಸರನ್ನು ಕೇಳಿ, ಇಂದಿನ ಸರ್ವೆ ನಂಬರಿನ ಎದುರಿಗೆ ಬರೆದಿಡಬೇಕು. ಬಾವಿಯಾದರೆ ಬೇಸಗೆಯಲ್ಲಿ ಅದರಲ್ಲಿ ನೀರು ನಿಲ್ಲುತ್ತಿತ್ತೇ ಇಲ್ಲವೇ ಎಂಬುದನ್ನೂ ಮರೆಯದೆ ಕೇಳಬೇಕು. ಏಪ್ರಿಲ್ ತಿಂಗಳಲ್ಲಿ ನೀರು ಬತ್ತದ ಹಳೆಯ ಬಾವಿ ಕೋಟೆಯ ಗೋಡೆಯಿಂದ ಎಷ್ಟು ಮಾರು ದೂರದಲ್ಲಿದೆಯೆಂಬುದೇ ನಮಗೆ ಮೊದಲು ಬೇಕಾದ ಅಳತೆ.